ಇಂದಿನ ಧಮ್ಮ ಚಿಂತನೆ: ಬಣ್ಣದ ಕೆಳಗಿನ ಅರ್ತ್

ನಮ್ಮ ಅಧ್ಯಯನ ವಲಯದಲ್ಲಿ ಮತ್ತೆ ಮತ್ತೆ ಬರುವ ಒಂದು ಪ್ರಶ್ನೆ ಇದೆ. ದೀಕ್ಷೆ ಪಡೆದು ವರ್ಷಗಳೇ ಕಳೆದವರ ಬಾಯಿಂದಲೂ ಒಮ್ಮೊಮ್ಮೆ ಜಾತಿಯ ಮಾತು ಬರುತ್ತದೆ. ಹಾಗಾದರೆ ಅವರ ದೀಕ್ಷೆಯೇ ಸುಳ್ಳೇ? ಅಥವಾ "ರಕ್ತದಲ್ಲೇ ಬಂದದ್ದು, ಏನು ಮಾಡೋಕಾಗುತ್ತೆ" ಎಂದು ಬಿಟ್ಟುಬಿಡಬೇಕೇ? ನಾನು ಗಾಡಿಗಳ ವೈರಿಂಗ್ ಕೆಲಸ ಮಾಡುವವನು. ನನಗೆ ಗೊತ್ತಿರುವ ಕೆಲಸದ ಮೂಲಕವೇ ಇದನ್ನು ಯೋಚಿಸುತ್ತೇನೆ.

ಹಳೆಯ ಪೆಟ್ರೋಲ್ ಜೀಪಿನ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸುವುದು ನಮ್ಮ ಕಡೆ ಬಹಳ ಕಾಲದಿಂದ ನಡೆದು ಬಂದಿದೆ. ಪೆಟ್ರೋಲ್ ಎಂಜಿನ್‌ಗೆ ಕಿಡಿ ಕೊಡಲು ಕಾಯಿಲ್ ಮತ್ತು ಡಿಸ್ಟ್ರಿಬ್ಯೂಟರ್ ಬೇಕು. ಡೀಸೆಲ್‌ಗೆ ಅವು ಬೇಡ. ಆದರೆ ಹೀಟರ್ ಪ್ಲಗ್ ಬೇಕು, ದೊಡ್ಡ ಬ್ಯಾಟರಿ ಬೇಕು, ಬಲವಾದ ಸೆಲ್ಫ್ ಮೋಟರ್ ಬೇಕು. ಆ ಕಾಲದ ಪೆಟ್ರೋಲ್ ಎಂಜಿನ್ ಒಳಗಿನ ಗಾಳಿಯನ್ನು ಸುಮಾರು ಏಳನೇ ಒಂದು ಭಾಗಕ್ಕೆ ಒತ್ತುತ್ತಿತ್ತು. ಡೀಸೆಲ್ ಎಂಜಿನ್ ಸುಮಾರು ಇಪ್ಪತ್ತನೇ ಒಂದು ಭಾಗಕ್ಕೆ ಒತ್ತುತ್ತದೆ. ಅಷ್ಟು ಬಿಗಿಯಾದದ್ದನ್ನು ತಿರುಗಿಸಿ ಎಬ್ಬಿಸಲು ಸೆಲ್ಫ್ ಮೋಟರ್ ಬಹಳ ಹೆಚ್ಚು ಕರೆಂಟ್ ಎಳೆಯುತ್ತದೆ.

ಇಂಥ ಒಂದು ಜೀಪು ನನ್ನ ಬಳಿ ಬಂತು. ಎಂಜಿನ್ ಬದಲಾಗಿತ್ತು, ಚಾಸಿಗೆ ಹೊಸ ಕಪ್ಪು ಬಣ್ಣ ಹೊಡೆದಿದ್ದರು. ಲೈಟು ಉರಿಯುತ್ತಿತ್ತು, ಹಾರ್ನ್ ಕೂಗುತ್ತಿತ್ತು. ಸೆಲ್ಫ್ ಹೊಡೆದರೆ ಮಾತ್ರ ಎಂಜಿನ್ ನರಳುತ್ತ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಮಾಲೀಕರು ಆಗಲೇ ಹೊಸ ಬ್ಯಾಟರಿ ಹಾಕಿಸಿದ್ದರು, ಸೆಲ್ಫ್ ಮೋಟರನ್ನೂ ಬದಲಾಯಿಸಿದ್ದರು. "ಈ ಎಂಜಿನ್ನೇ ಸರಿಯಿಲ್ಲಪ್ಪ, ಹಳೆಯದೇ ಚೆನ್ನಾಗಿತ್ತು" ಎಂದರು. ಇನ್ನೊಂದು ಮಾತನ್ನೂ ಹೇಳಿದರು: ನಾಲ್ಕೈದು ಸಲ ಸೆಲ್ಫ್ ಹೊಡೆದರೆ ಆಕ್ಸಿಲರೇಟರ್ ಕೇಬಲ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ.

ಆ ಕೇಬಲ್ಲೇ ದಾರಿ ತೋರಿಸಿತು. ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ಕರೆಂಟ್ ಕೆಲಸ ಮುಗಿಸಿ ಮೈನಸ್ಸಿಗೆ ಮರಳಿ ಬರಲೇಬೇಕು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಎಂಜಿನ್‌ನಿಂದ ಚಾಸಿಗೆ ಒಂದು ಅರ್ತ್ ಪಟ್ಟಿ ಹಾಕುತ್ತಾರೆ. ಈ ಜೀಪಿನಲ್ಲೂ ಪಟ್ಟಿ ಇತ್ತು, ಬೋಲ್ಟ್ ಬಿಗಿಯಾಗಿತ್ತು. ಆದರೆ ಅದನ್ನು ಬಿಗಿದಿದ್ದದ್ದು ಹೊಸ ಬಣ್ಣದ ಮೇಲೆ. ಬೋಲ್ಟಿನ ಮರೆಯ ಒಂದೆರಡು ಕಡೆ ಮಾತ್ರ ಲೋಹಕ್ಕೆ ಲೋಹ ತಾಗುತ್ತಿತ್ತು. ಸರಿಯಾದ ದಾರಿ ಕಟ್ಟಿಹೋದಾಗ ಕರೆಂಟ್ ಬೇರೆ ದಾರಿ ಹುಡುಕಿತು. ಸಿಕ್ಕಿದ್ದು ತೆಳ್ಳಗಿನ ಆಕ್ಸಿಲರೇಟರ್ ಕೇಬಲ್. ಯಾವ ತಪ್ಪೂ ಇಲ್ಲದ ಆ ಕೇಬಲ್ ಸುಡುತ್ತಿತ್ತು.

ಇಲ್ಲಿ ಒಂದು ಲೆಕ್ಕ ನೋಡಿ. ಆ ಕೆಟ್ಟ ಜೋಡಣೆಯ ಅಡ್ಡಿ ಒಂದು ಓಮ್‌ನ ನೂರನೇ ಒಂದು ಭಾಗ ಎಂದಿಟ್ಟುಕೊಳ್ಳಿ. 5 ವ್ಯಾಟ್‌ನ ಹಿಂದಿನ ದೀಪ ಎಳೆಯುವುದು ಅರ್ಧ ಆಂಪಿಯರ್‌ಗೂ ಕಡಿಮೆ. ಆಗ ಅಲ್ಲಿ ನಷ್ಟವಾಗುವ ವೋಲ್ಟೇಜ್ ಲೆಕ್ಕಕ್ಕೇ ಬರುವುದಿಲ್ಲ. ದೀಪ ಚೆನ್ನಾಗಿ ಉರಿಯುತ್ತದೆ. ಅದೇ ಜೋಡಣೆಯಲ್ಲಿ ಸೆಲ್ಫ್‌ನ 200 ಆಂಪಿಯರ್ ಹರಿಯಬೇಕಾದರೆ 2 ವೋಲ್ಟ್ ಅಲ್ಲೇ ಹೋಗುತ್ತದೆ. ಆದ್ದರಿಂದ ಗಾಡಿ ಸುಮ್ಮನೆ ನಿಂತಿರುವಾಗ ಮೀಟರ್ ಇಟ್ಟರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಬ್ಯಾಟರಿಯ ಮೈನಸ್ಸಿಗೆ ಒಂದು ವೈರು, ಎಂಜಿನ್ ಬ್ಲಾಕಿಗೆ ಒಂದು ವೈರು ಇಟ್ಟು, ಸೆಲ್ಫ್ ಹೊಡೆಯುತ್ತಲೇ ಅಳೆಯಬೇಕು. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ದಾರಿಯಲ್ಲಿ ದೋಷವಿದೆ. ಇಲ್ಲಿ 2 ವೋಲ್ಟ್ ದಾಟಿತು. ಎಮರಿ ಪೇಪರ್ ಹಿಡಿದು ಲೋಹ ಹೊಳೆಯುವವರೆಗೆ ಬಣ್ಣ ಉಜ್ಜಿ, ಪಟ್ಟಿ ಬಿಗಿದು, ತುಕ್ಕು ಹಿಡಿಯದಂತೆ ಗ್ರೀಸ್ ಸವರಿದೆ. ಜೀಪು ಒಂದೇ ಸಲಕ್ಕೆ ಎದ್ದಿತು.

ಇನ್ನು ನಮ್ಮ ವಿಷಯ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ನಮಗೆ ಕೊಟ್ಟದ್ದು ಹೊಸ ಎಂಜಿನ್. ಅದು ದೊಡ್ಡ ಭಾರ ಎಳೆಯುವಂಥದ್ದು. 22 ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರೆಂಬ ನಂಬಿಕೆ ಒಂದು, ಸಮಾನತೆಯನ್ನು ಸ್ಥಾಪಿಸಲು ಶ್ರಮಿಸುತ್ತೇನೆ ಎಂಬುದು ಇನ್ನೊಂದು. ಅವರು ಎರಡನ್ನೂ ಬೇರೆಬೇರೆಯಾಗಿ ಇಟ್ಟಿರುವುದನ್ನು ಗಮನಿಸಬೇಕು. ನಂಬಿಕೆ ಹಿಂದಿನ ದೀಪದಷ್ಟು ಕರೆಂಟಿನಲ್ಲೂ ಉರಿಯುತ್ತದೆ. ಒಟ್ಟಿಗೆ ಕೂತು ಉಣ್ಣುವುದು, ಜಯಂತಿಯ ಮೆರವಣಿಗೆಯಲ್ಲಿ ಜೊತೆಗೆ ನಡೆಯುವುದು, ಗುಂಪಿನಲ್ಲಿ ಜೈ ಭೀಮ್ ಎಂದು ಬರೆಯುವುದು ಇವೆಲ್ಲ ಸಣ್ಣ ಭಾರ. ಮದುವೆ, ಸಾವು, ಆಸ್ತಿ ಬಂದಾಗ ಸೆಲ್ಫ್ ಹೊಡೆದಂತೆ.

ನನಗೆ ಗೊತ್ತಿರುವ ಒಬ್ಬ ಉಪಾಸಕರಿದ್ದಾರೆ. ಒಂದು ಭಾನುವಾರವೂ ವಂದನೆ ತಪ್ಪಿಸುವವರಲ್ಲ. ಅವರ ಮಗಳು ಒಬ್ಬ ಹುಡುಗನನ್ನು ಮೆಚ್ಚಿದಳು. ಹುಡುಗನ ಮನೆಯವರೂ ದೀಕ್ಷೆ ಪಡೆದವರೇ. ಆದರೂ ಅಪ್ಪನ ಬಾಯಿಂದ ಮೊದಲು ಬಂದ ಮಾತು, "ಅವರು ಎಡಗೈನವರಲ್ಲವೇ?" ಇವರ ತಾತನನ್ನು ಊರ ಬಾವಿಯ ಹತ್ತಿರ ಸೇರಿಸಿರಲಿಲ್ಲ. ಅಂಥ ಮನೆಯಲ್ಲೇ ಈ ಮಾತು ಬಂತು. ಸುದ್ದಿ ತಿಳಿದವರಲ್ಲಿ ಕೆಲವರು, "ಇವರದು ಬರೀ ತೋರಿಕೆಯ ದೀಕ್ಷೆ" ಎಂದರು. ಅದು ಎಂಜಿನ್ನೇ ಸರಿಯಿಲ್ಲ ಎಂದಂತೆ. ಕೆಲವರು ಮಗಳಿಗೆ, "ಅಪ್ಪನ ಮನಸ್ಸು ನೋಯಿಸಬೇಡಮ್ಮ, ಸ್ವಲ್ಪ ತಾಳಿಕೋ" ಎಂದರು. ಅದು ಕೇಬಲ್ ಸುಡಲಿ ಬಿಡಿ ಎಂದಂತೆ. ಸರಿಯಾದ ದಾರಿ ಕಟ್ಟಿಹೋದ ಮನೆಯಲ್ಲಿ ಭಾರವೆಲ್ಲ ಬೀಳುವುದು ಎಲ್ಲರಿಗಿಂತ ತೆಳ್ಳಗಿನವರ ಮೇಲೆ. ಬಹಳ ಸಲ ಅದು ಹೆಣ್ಣುಮಗಳೇ ಆಗಿರುತ್ತಾಳೆ.

ವಲಯದ ಇಬ್ಬರು ಹಿರಿಯರು ಮಾತ್ರ ಅವರ ಮನೆಗೆ ಹೋಗಿ ಕೂತರು. ಬೈಯಲಿಲ್ಲ, ಸುತ್ತ ಪದಗಳನ್ನು ಹೇಳಲಿಲ್ಲ. "ನಿಮಗೆ ನಿಜವಾಗಿ ಏನು ಭಯ?" ಎಂದು ಕೇಳಿದರು. ಬಹಳ ಹೊತ್ತಾದ ಮೇಲೆ ಅವರು ಹೇಳಿದ್ದು ಇಷ್ಟು: "ನಾಳೆ ನಾನು ಸತ್ತರೆ ನಮ್ಮ ನೆಂಟರು ಬರುವುದಿಲ್ಲ. ಹೆಣ ಹೊರುವವರು ಯಾರು?"

ದೋಷ ಇರುವುದು ಇಲ್ಲಿ. ಹಳೆಯ ಬದುಕಿನಲ್ಲಿ ನಮ್ಮ ಅರ್ತ್ ಜಾತಿಯ ನೆಂಟಸ್ತಿಕೆಯೇ ಆಗಿತ್ತು. ಕಷ್ಟವೋ ಸುಖವೋ ಎಲ್ಲವೂ ಮರಳಿ ಹೋಗುತ್ತಿದ್ದದ್ದು ಅಲ್ಲಿಗೇ. ಎಂಜಿನ್ ಬದಲಾಯಿಸಿದೆವು, ಆದರೆ ಮರಳುವ ದಾರಿಯನ್ನು ಹೊಸದಾಗಿ ಮಾಡಲಿಲ್ಲ. ನಾವು ಶರಣು ಹೋಗುವುದು ಬುದ್ಧನಿಗೆ, ಧಮ್ಮಕ್ಕೆ, ಸಂಘಕ್ಕೆ. ಸಂಘ ಎಂದರೆ ಮೂಲದಲ್ಲಿ ಭಿಕ್ಖು ಸಂಘ, ನಿಜ. ಆದರೆ ಸಂಸಾರಸ್ಥರಾದ ನಾವೂ ಒಬ್ಬರಿಗೊಬ್ಬರು ನೆಲವಾಗದಿದ್ದರೆ ಭಾರ ಬಂದ ದಿನ ಪ್ರತಿಯೊಬ್ಬನೂ ಹಳೆಯ ದಾರಿಯನ್ನೇ ಹುಡುಕುತ್ತಾನೆ. 1936ರಲ್ಲೇ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಸಹಭೋಜನ ಸಾಲದು, ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದು ವಾದಿಸಿದ್ದರು. ಭಾರ ಎಲ್ಲಿ ಬೀಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಒಂದು ಆಕ್ಷೇಪ ಬರಬಹುದು. ಕಾರಣ ಹುಡುಕುತ್ತ ಹೋದರೆ ತಪ್ಪು ಮಾಡಿದವನಿಗೆ ಕ್ಷಮೆ ಕೊಟ್ಟಂತಾಗುವುದಿಲ್ಲವೇ? ನನಗೆ ಹಾಗೆ ಅನಿಸುವುದಿಲ್ಲ. ಎಲ್ಲವೂ ಕಾರಣದಿಂದ ಹುಟ್ಟುತ್ತದೆ, ಕಾರಣ ತೆಗೆದರೆ ಫಲವೂ ನಿಲ್ಲುತ್ತದೆ ಎಂದು ಬುದ್ಧ ಕಲಿಸಿದ್ದು ನಾವು ಕೈಕಟ್ಟಿ ಕೂರಲಿ ಎಂದಲ್ಲ. "ಹಣೆಬರಹ" ಎಂದವನು ಏನೂ ಮಾಡಬೇಕಾಗಿಲ್ಲ. "ಅವನೇ ಕೆಟ್ಟವನು" ಎಂದವನೂ ಏನೂ ಮಾಡಬೇಕಾಗಿಲ್ಲ. ಬಣ್ಣ ಎಲ್ಲಿದೆ ಎಂದು ಕಂಡವನು ಮಾತ್ರ ಉಜ್ಜದೆ ಇರುವಂತಿಲ್ಲ. ಆ ತಂದೆ ಆಡಿದ ಮಾತು ತಪ್ಪೇ, ಅದನ್ನು ಅವರೇ ತಿದ್ದಿಕೊಳ್ಳಬೇಕು. ಅವರ ಭಯಕ್ಕೆ ಉತ್ತರ ಕೊಡಬೇಕಾದವರು ನಾವು.

ಹಿರಿಯರು ಅಂದು ಕೊಟ್ಟ ಉತ್ತರ, "ನಾವು ಬರುತ್ತೇವೆ. ಹುಡುಗನ ಮನೆಯವರೂ ಬರುತ್ತಾರೆ." ಮದುವೆ ಇನ್ನೂ ನಿಶ್ಚಯವಾಗಿಲ್ಲ. ಆದರೆ ಮುಂದಿನ ವಾರ ಹುಡುಗನ ತಂದೆ ತಾಯಿಯನ್ನು ಅವರು ಊಟಕ್ಕೆ ಕರೆದಿದ್ದಾರೆ.

*ಇಂದಿನ ಅಭ್ಯಾಸ:* ಜಾತಿ ಬಿಟ್ಟು ಮದುವೆಯಾಗಿ ನೆಂಟರಿಂದ ದೂರವಾದ ಒಂದು ಮನೆ ನಿಮ್ಮ ಊರಲ್ಲೇ ಇರಬಹುದು. ಇಂದು ಅವರಿಗೆ ಫೋನ್ ಮಾಡಿ. ಸಾಧ್ಯವಾದರೆ ಹೋಗಿ ಬನ್ನಿ. ಕಷ್ಟದ ದಿನ ಬಂದರೆ ಕರೆಯಲು ನಿಮ್ಮ ನಂಬರ್ ಅವರ ಬಳಿ ಇದೆಯೇ ಎಂದು ಕೇಳಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್. 🙏