ಚಿಕ್ಕವ್ವನ ಶಕ್ತಿ ಮಾತ್ರೆ

 

ಇವತ್ತಿನ ಚಿಂತನೆ ಒಂದು ಪ್ರಶ್ನೆ. ಪ್ರೀತಿಯಿಂದ ಕೊಟ್ಟದ್ದು ಕೆಡುಕು ಮಾಡಿದರೆ ಹೊಣೆ ಯಾರದು?

ನನ್ನ ಚಿಕ್ಕವ್ವನಿಗೆ ಮಂಡಿ ನೋವು, ಸುಸ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ವಿಟಮಿನ್ ಡಿ ಕಡಿಮೆಯಿದೆ ಎಂದು 60,000 ಯೂನಿಟ್‌ನ ಮಾತ್ರೆ ಬರೆದರು. ವಾರಕ್ಕೆ ಒಂದು, 8 ವಾರ. ನೋವು ಇಳಿಯಿತು. ಅಲ್ಲಿಗೆ ನಿಲ್ಲಬೇಕಿತ್ತು. 'ಅದು ಶಕ್ತಿ ಮಾತ್ರೆ ಕಣಪ್ಪ, ಇನ್ನೊಂದು ಶೀಟು ತಂದ್ಕೊಡು' ಅಂದಳು. ನಾನು ಖಾಲಿ ಶೀಟು ತೋರಿಸಿ ತಂದುಕೊಟ್ಟೆ. ಮತ್ತೆ ಮತ್ತೆ ತಂದೆ. ವಾರಕ್ಕೊಂದು ಇದ್ದದ್ದು ದಿನಕ್ಕೊಂದಾದದ್ದು ಯಾರೂ ಗಮನಿಸಲಿಲ್ಲ. ಕೆಲವು ತಿಂಗಳಲ್ಲಿ ವಾಂತಿ, ಮಲಬದ್ಧತೆ, ತಡೆಯಲಾರದ ದಾಹ, ಮಂಕು. ಮೈಸೂರಿನ ಆಸ್ಪತ್ರೆಯಲ್ಲಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟಾಗಿದೆ ಅಂದರು. ಡ್ರಿಪ್ ಹಾಕಿ ಉಳಿಸಿದರು.

ಆಮೇಲೆ ತಿಳಿದುಕೊಂಡೆ. ವಿಟಮಿನ್ ಸಿ ಮತ್ತು ಬಿ ಗುಂಪಿನವು ನೀರಿನಲ್ಲಿ ಕರಗುತ್ತವೆ, ಹೆಚ್ಚಾದದ್ದು ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. (ಅವಕ್ಕೂ ಮಿತಿಯಿದೆ. ಬಿ6 ಅನ್ನು ಬಹಳ ಕಾಲ ಅತಿಯಾಗಿ ನುಂಗಿದರೆ ನರಗಳು ಕೆಟ್ಟು ಕೈಕಾಲು ಜೋಮು ಹಿಡಿಯುತ್ತವೆ.) ಎ, ಡಿ ಹಾಗಲ್ಲ. ಅವು ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಕೂಡುತ್ತಾ ಹೋಗುತ್ತವೆ.

ಒಳ್ಳೆಯದೆಂದು ನಂಬಿ ಎಡವಿದವರು ನಾವಷ್ಟೇ ಅಲ್ಲ. ಫಿನ್ಲೆಂಡ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಡೆಯಬಹುದೆಂದು 29,000ಕ್ಕೂ ಹೆಚ್ಚು ಸಿಗರೇಟು ಸೇದುವ ಗಂಡಸರ ಮೇಲೆ ಪ್ರಯೋಗ ಮಾಡಿದರು. 1994ರಲ್ಲಿ ಫಲಿತಾಂಶ ಬಂದಾಗ, ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಆ ಕ್ಯಾನ್ಸರ್ ಹೆಚ್ಚೇ ಆಗಿತ್ತು.

ಮೆಡಿಕಲ್‌ನವರು ಚೀಟಿ ಕೇಳಲಿಲ್ಲ ಎಂದು ಬೈಯಬಹುದು. ಬೈದೆ ಕೂಡ. ಆದರೆ ಚಿಕ್ಕವ್ವನಿಗೆ ಓದಲು ಬರುವುದಿಲ್ಲ, ನನಗೆ ಬರುತ್ತದೆ. '8 ವಾರ' ಎಂದು ಚೀಟಿಯಲ್ಲಿ ಬರೆದಿತ್ತು. ಚೇತನವೇ ಕಮ್ಮ ಎಂದು ಬುದ್ಧರು ಹೇಳಿದ್ದಾರಲ್ಲ, ನನ್ನ ಚೇತನ ಕೆಟ್ಟದ್ದಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಬಾಬಾಸಾಹೇಬರು 1956ರ ಮೇ ತಿಂಗಳ ಬಿಬಿಸಿ ಭಾಷಣದಲ್ಲಿ ಪ್ರಜ್ಞೆ, ಕರುಣೆ, ಸಮತೆ ಮೂರನ್ನೂ ಒಟ್ಟಿಗೆ ಹೇಳಿದರು. ಮೂಢನಂಬಿಕೆಗೆ ಎದುರಾಗಿ ನಿಲ್ಲುವ ತಿಳಿವೇ ಅಲ್ಲಿ ಪ್ರಜ್ಞೆ. ನನ್ನಲ್ಲಿ ಕರುಣೆಯಿತ್ತು, ಅದು ಇರಲಿಲ್ಲ. ನಮ್ಮ ಮನೆಯಲ್ಲಿ ತಾಯತ ಬಿಟ್ಟು ವರ್ಷಗಳಾದವು. ಮಾತ್ರೆಯನ್ನೇ ತಾಯತ ಮಾಡಿಕೊಂಡಿದ್ದೆವು.

ಚಿಕ್ಕವ್ವನ ಆಸೆಯನ್ನು ಬರೀ ತೃಷ್ಣೆ ಅನ್ನಲು ನನಗೆ ಮನಸ್ಸಿಲ್ಲ. ಒಂದು ಹೊತ್ತಿನ ಮುದ್ದೆಗೆ ಇನ್ನೊಬ್ಬರ ಗದ್ದೆಯಲ್ಲಿ ಬಗ್ಗಿದವಳಿಗೆ ಶಕ್ತಿ ಸಾಕು ಅನ್ನಿಸುವುದು ಹೇಗೆ? ಕೋಸಲದ ಪಸೇನದಿ ರಾಜನಿಗೇ ಸಾಕೆನಿಸಲಿಲ್ಲ. ಅತಿಯಾಗಿ ಉಂಡು ಏದುಸಿರು ಬಿಡುತ್ತಾ ಬಂದವನಿಗೆ ಬುದ್ಧರು ಮಿತವರಿತು ಉಣ್ಣುವ ಮಾತು ಹೇಳಿದರು. ರಾಜ ಅದನ್ನು ಸುದಸ್ಸನ ಎಂಬ ಹುಡುಗನಿಗೆ ಕಲಿಸಿ, ಊಟದ ಹೊತ್ತಿಗೆಲ್ಲ ಪಕ್ಕದಲ್ಲಿ ನಿಂತು ನೆನಪಿಸುವಂತೆ ಮಾಡಿಕೊಂಡ. ನಾನು ಆ ಹುಡುಗನ ಕೆಲಸ ಮಾಡಬೇಕಿತ್ತು.

ಹಾಗಂತ ಇದನ್ನು ಓದಿ ಯಾರೂ ಡಾಕ್ಟರು ಬರೆದ ಮಾತ್ರೆ ಎಸೆಯಬೇಡಿ. ಗರ್ಭಿಣಿಯರು ಕಬ್ಬಿಣ, ಫೋಲಿಕ್ ಆಮ್ಲದ ಮಾತ್ರೆ ಬಿಡಲೇಬಾರದು. ಆದರೆ ಅವನ್ನು ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಿ, ಕಬ್ಬಿಣದ ಮಾತ್ರೆ ಹಿಡಿಯಷ್ಟು ನುಂಗಿದರೆ ಮಗುವಿನ ಜೀವಕ್ಕೇ ಅಪಾಯ.

ಭಾನುವಾರ ಬುದ್ಧ ವಂದನೆಗೆ ಬರುವಾಗ ಮನೆಯ ಹಿರಿಯರು ನುಂಗುತ್ತಿರುವ ಶೀಟು, ಡಬ್ಬಿ, ಚೀಟಿ ಎಲ್ಲ ತನ್ನಿ. ನಮ್ಮ ಬಳಗದ ನರ್ಸ್ ಅಕ್ಕ ಇರುತ್ತಾರೆ, ಒಟ್ಟಿಗೆ ಕೂತು ಓದೋಣ.

ಜೈ ಭೀಮ್.