ಗರ್ಭಲಿಂಗವೂ ಪಂಚಾಂಗವೂ

ಎಂಟನೆಯ ತಿಂಗಳಿನಲ್ಲಿ ಗುರುಗಳನ್ನು ಮನೆಗೆ ಬಿಜಯಂಗೈಸಿಕೊಂಡು, ಹೊಟ್ಟೆಯೊಳಗಿನ ಕೂಸಿಗೆ ಲಿಂಗಧಾರಣೆ ಮಾಡಿಸಿ, ಒಂಬತ್ತನೆಯ ತಿಂಗಳಿನಲ್ಲಿ ಅದೇ ಕೂಸು ಯಾವ ನಕ್ಷತ್ರದಲ್ಲಿ ಹುಟ್ಟಿದರೆ ಲೇಸೆಂದು ಕೇಳಲು ಜ್ಯೋತಿಷಿಯ ಮನೆಯ ಮೆಟ್ಟಿಲನ್ನು ಹತ್ತುವ ಭಕ್ತರು ನಮ್ಮಲ್ಲಿ ಇದ್ದಾರೆಯೇ? ಇದ್ದಾರೆ. ಅಂಥವರನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಾಗಿಲ್ಲ. ಈ ಲೇಖಕನೂ ಅವರಲ್ಲಿ ಒಬ್ಬನಾಗಿದ್ದನು. ಆದುದರಿಂದ ಈ ಬರೆಹದಲ್ಲಿ ಪರರನ್ನು ತಿದ್ದುವ ಉತ್ಸಾಹಕ್ಕಿಂತ ನನ್ನ ತಪ್ಪನ್ನು ನಾನೇ ಒರೆಗೆ ಹಚ್ಚಿ ನೋಡುವ ಪ್ರಯತ್ನವೇ ಹೆಚ್ಚಾಗಿದ್ದರೆ ವಾಚಕರು ಮನ್ನಿಸಬೇಕು.

ಮೊದಲು ಗರ್ಭಲಿಂಗಧಾರಣೆಯ ಅರ್ಥವನ್ನು ಮನಸ್ಸಿಗೆ ತಂದುಕೊಳ್ಳೋಣ. ಶಿಶುವು ಇನ್ನೂ ಕಣ್ಣು ತೆರೆದಿಲ್ಲ. ಅದಕ್ಕೆ ಹೆಸರಿಲ್ಲ, ಗಂಡೆಂದೂ ಹೆಣ್ಣೆಂದೂ ತಿಳಿದಿಲ್ಲ. ಹೀಗಿರುವಾಗಲೇ ಗುರುವು ಅದನ್ನು ಲಿಂಗಕ್ಕೆ ಒಪ್ಪಿಸುತ್ತಾನೆ. ತಾಯಿಯು ತನ್ನ ಇಷ್ಟಲಿಂಗದೊಡನೆ ಶಿಶುವಿನ ಲಿಂಗವನ್ನೂ ಧರಿಸಿ ಅದರ ಪರವಾಗಿ ತಾನೇ ಪೂಜೆಯನ್ನು ಸಲ್ಲಿಸುತ್ತಾಳೆ. ಇದರ ಭಾವವೇನು? ಈ ಜೀವವು ತಂದೆತಾಯಿಗಳ ಸೊತ್ತಲ್ಲ, ಕುಲದ ಸೊತ್ತಲ್ಲ, ಗ್ರಹಗಳ ಸೊತ್ತಂತೂ ಅಲ್ಲವೇ ಅಲ್ಲ. ಅದು ಶಿವನದು, ನಮ್ಮ ಕೈಯಲ್ಲಿ ಕಾಪಿಗಾಗಿ ಇಟ್ಟದ್ದು. ಗಂಡೋ ಹೆಣ್ಣೋ ಎಂದು ತಿಳಿಯುವ ಮೊದಲೇ ದೀಕ್ಷೆಯಾಗುವ ಧರ್ಮದಲ್ಲಿ ಹುಟ್ಟಿದವರೂ ಗಂಡುಕೂಸಿಗಾಗಿ ಹರಕೆ ಹೊರುವುದುಂಟು. ಆ ಲಜ್ಜೆಯ ಮಾತನ್ನು ಇಲ್ಲಿ ಬೆಳೆಸುವುದಿಲ್ಲ.

ಕಾಲದ ವಿಷಯದಲ್ಲಿ ನಮ್ಮ ಶರಣರ ನಿಲುವು ಸಂದಿಗ್ಧವಾದುದಲ್ಲ. ವಾರ, ತಿಥಿ, ರಾಶಿ, ಲಗ್ನಗಳ ಲೆಕ್ಕವನ್ನು ಅಣ್ಣನವರು ಬದಿಗೆ ಸರಿಸಿದರು. ಭಕ್ತನ ಪಾಲಿಗೆ ಅಶುಭವಾದ ದಿನವೇ ಇಲ್ಲವೆಂಬುದು ಅವರ ಮತ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಕಳೆದರು. ಲಿಂಗವಿದ್ದಲ್ಲಿ ಸೂತಕವಿಲ್ಲವೆಂದು ಬಾಣಂತಿಯ ಕೋಣೆಯ ಬಾಗಿಲನ್ನು ಅವರು ತೆರೆದಿಟ್ಟ ಮೇಲೆ, ಕಾಲದೋಷವೆಂಬ ಇನ್ನೊಂದು ಸೂತಕವನ್ನು ಹಿತ್ತಿಲಬಾಗಿಲಿನಿಂದ ನಾವೇ ಒಳಕ್ಕೆ ಕರೆದುಕೊಂಡಂತಾಯಿತಲ್ಲವೆ?

ನಮ್ಮ ಹಿರಿಯರ ಕಾಲದಲ್ಲಿಯೂ ಪಂಚಾಂಗವನ್ನು ನೋಡುತ್ತಿದ್ದರೆಂದು ಯಾರಾದರೂ ಹೇಳಬಹುದು. ಅಹುದು, ನೋಡುತ್ತಿದ್ದರು, ಆದರೆ ಕೂಸು ಹುಟ್ಟಿದ ಮೇಲೆ ನೋಡುತ್ತಿದ್ದರು. ಮದುವೆಗೆ, ಮನೆಯ ಪ್ರವೇಶಕ್ಕೆ, ಬಿತ್ತನೆಗೆ ಮುಹೂರ್ತವನ್ನು ಇಡಬಹುದಾಗಿತ್ತೇ ಹೊರತು ಜನನಕ್ಕೆ ಇಡುವ ಶಕ್ತಿ ಮನುಷ್ಯನಿಗೆ ಇರಲಿಲ್ಲ. ಈಗ ಶಸ್ತ್ರಚಿಕಿತ್ಸೆಯು ಆ ಶಕ್ತಿಯನ್ನು ನಮಗೆ ಕೊಟ್ಟಿದೆ. ನಮ್ಮ ದೇಶದಲ್ಲಿ ಸಿಸೇರಿಯನ್ ಮೂಲಕ ಆಗುವ ಹೆರಿಗೆಗಳು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 17.2 ಇದ್ದವು, 2019-21ರ ಸಮೀಕ್ಷೆಯಲ್ಲಿ ಅವು 21.5ಕ್ಕೆ ಏರಿದವು. ಖಾಸಗಿ ಆಸ್ಪತ್ರೆಗಳಲ್ಲಂತೂ 47.4. ಇವೆಲ್ಲವೂ ಮುಹೂರ್ತದ ಹೆರಿಗೆಗಳೆಂದು ನಾನು ಹೇಳುತ್ತಿಲ್ಲ. ಬಹುಪಾಲಿಗೆ ಬೇರೆ ಕಾರಣಗಳಿವೆ. ಆದರೆ ಜ್ಯೋತಿಷಿಯು ಬರೆದುಕೊಟ್ಟ ಚೀಟಿಯನ್ನು ಹಿಡಿದು ವೈದ್ಯರ ಮುಂದೆ ಕುಳಿತುಕೊಳ್ಳುವ ಮನೆಯವರನ್ನು ನಮ್ಮ ಯಾವ ಊರಿನಲ್ಲಿಯಾದರೂ ಕಾಣಬಹುದು.

ನಾನೂ ಹಾಗೆ ಕುಳಿತೆನು. ಚೊಚ್ಚಲ ಹೆರಿಗೆಗೆಂದು ಮಗಳು ತವರಿಗೆ ಬಂದಿದ್ದಳು. ಕುಬಸದ ಕಾರ್ಯವಾಗಿತ್ತು, ಗರ್ಭಲಿಂಗಧಾರಣೆಯೂ ಆಗಿತ್ತು. ನನ್ನ ಭಾವಮೈದುನರು ಅಕ್ಕರೆಯಿಂದಲೇ ಒಂದು ದಿನವನ್ನು ಕೇಳಿಕೊಂಡು ಬಂದರು. ಅದು ವೈದ್ಯರು ಎಣಿಸಿ ಹೇಳಿದ ದಿನಕ್ಕಿಂತ ಹದಿನೇಳು ದಿನ ಮುಂಚಿತವಾಗಿತ್ತು. ಆ ದಿನದಲ್ಲಿ ಹುಟ್ಟಿದ ಕೂಸಿಗೆ ವಿದ್ಯೆ, ಆಯುಷ್ಯ, ಅಧಿಕಾರ ಮೂರೂ ಕೈಗೂಡುವುವಂತೆ. ನಂಬಿಕೆಯಿದೆಯೇ ಎಂದು ನನ್ನನ್ನು ಆಗ ಯಾರಾದರೂ ಕೇಳಿದ್ದರೆ ಇಲ್ಲವೆಂದೇ ಹೇಳುತ್ತಿದ್ದೆನು. ಹಾಗಾದರೆ ಏಕೆ ಒಪ್ಪಿದೆ? ನಾಳೆ ಏನಾದರೂ ಕುಂದು ಬಂದರೆ ‘ಅಂದು ಕೇಳಲಿಲ್ಲ’ ಎಂಬ ಮಾತು ನನ್ನ ತಲೆಯ ಮೇಲೆ ಬಾರದಿರಲಿ ಎಂದು. ಇದು ನಂಬಿಕೆಯಲ್ಲ, ಭಯ. ನಂಬಿ ಮಾಡುವವನಲ್ಲಿ ಒಂದು ಪ್ರಾಮಾಣಿಕತೆಯಾದರೂ ಇರುತ್ತದೆ. ನಂಬದೆ ಮಾಡುವವನಲ್ಲಿ ಅದೂ ಇಲ್ಲ.

ವೈದ್ಯರು ಚೀಟಿಯನ್ನು ನೋಡಿ, ‘ಅನೇಕರು ಕೇಳುತ್ತಾರೆ, ಮಾಡಬಹುದು’ ಎಂದರು. ಅವರನ್ನು ಹಳಿಯುವ ಇಚ್ಛೆ ನನಗಿಲ್ಲ. ಏಕೆಂದರೆ ಮುಂದಿನ ವಾರ ಮಗಳೇ ಅವರನ್ನು, ‘ನನ್ನ ಕೂಸಿಗೆ ಇದು ಒಳ್ಳೆಯದೋ?’ ಎಂದು ನೇರವಾಗಿ ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಲ್ಲವನ್ನೂ ಬಿಡಿಸಿ ಹೇಳಿದರು. ನಾನು ಕೇಳಿದ್ದು ‘ಮಾಡಬಹುದೋ’ ಎಂದು. ಆಕೆ ಕೇಳಿದ್ದು ‘ಒಳ್ಳೆಯದೋ’ ಎಂದು. ಉತ್ತರಗಳು ಬೇರೆಯಾದುದರಲ್ಲಿ ಆಶ್ಚರ್ಯವೇನು?

ಅವರು ಹೇಳಿದುದರ ಸಾರವಿಷ್ಟು. ಕಡೆಯ ಮುಟ್ಟಿನ ಮೊದಲ ದಿನದಿಂದ 280 ದಿನಗಳನ್ನು ಎಣಿಸಿ ಹೆರಿಗೆಯ ದಿನವನ್ನು ಹೇಳುತ್ತಾರೆ. ಆದರೆ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ಸುಮಾರು ನಾಲ್ಕೈದು ಮಾತ್ರ. ಮೂವತ್ತೇಳು ವಾರಗಳಾದರೆ ದಿನ ತುಂಬಿತೆಂದು ಮೊದಲು ಎಣಿಸುತ್ತಿದ್ದರು. 2013ರಲ್ಲಿ ಅಮೆರಿಕದ ಪ್ರಸೂತಿ ವೈದ್ಯರ ಸಂಘವು ಆ ಎಣಿಕೆಯನ್ನು ತಿದ್ದಿ, ಮೂವತ್ತೊಂಬತ್ತು ವಾರಗಳಾದ ಮೇಲೆಯೇ ಪೂರ್ಣ ದಿನವೆಂದು ಕರೆಯಿತು. ಹೊರಗಿನಿಂದ ನೋಡುವವರಿಗೆ ಕಡೆಯ ವಾರಗಳು ಬರಿಯ ಕಾಲಹರಣದಂತೆ ತೋರುತ್ತವೆ. ಒಳಗಾದರೋ ಕೆಲಸವು ಬಿರುಸಾಗಿ ನಡೆದಿರುತ್ತದೆ. ಮೂವತ್ತೈದನೆಯ ವಾರದಲ್ಲಿ ಶಿಶುವಿನ ಮಿದುಳಿನ ತೂಕವು ದಿನ ತುಂಬಿದಾಗ ಇರುವುದರ ಮೂರರಲ್ಲಿ ಎರಡು ಪಾಲಿನಷ್ಟೇ. ಶ್ವಾಸಕೋಶದ ಸೂಕ್ಷ್ಮ ಗೂಡುಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಕಾಯುವ ದ್ರವ್ಯವು ಕಡೆಯ ವಾರಗಳಲ್ಲಿಯೇ ಸಮೃದ್ಧವಾಗುತ್ತದೆ. ನೋವು ಬರುವ ಮೊದಲೇ, ಮೂವತ್ತೊಂಬತ್ತು ವಾರಗಳ ಒಳಗೆ, ಶಸ್ತ್ರದಿಂದ ಹೊರತೆಗೆದ ಕೂಸುಗಳಿಗೆ ಉಸಿರಾಟದ ತೊಂದರೆಯು ಹೆಚ್ಚಾಗಿ ಕಾಣುವುದು ಈ ಕಾರಣದಿಂದ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲಾರೆ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಲಿಗ್ಗಿನ್ಸ್ ಎಂಬ ವೈದ್ಯವಿಜ್ಞಾನಿಯು 1960ರ ದಶಕದಲ್ಲಿ ಗಬ್ಬದ ಕುರಿಗಳನ್ನು ಪರೀಕ್ಷಿಸುತ್ತಿದ್ದನು. ಹೆರಿಗೆಯ ಗಳಿಗೆಯನ್ನು ನಿರ್ಣಯಿಸುವವರು ಯಾರು ಎಂಬುದು ಅವನ ಪ್ರಶ್ನೆ. ತಾಯಿಯೆಂದೇ ಎಲ್ಲರೂ ಎಣಿಸಿದ್ದರು. ಅವನು ಕಂಡುದು ಬೇರೆ: ಹೊಟ್ಟೆಯೊಳಗಿನ ಮರಿಯ ಗ್ರಂಥಿಗಳಿಂದ ಹೊರಡುವ ರಸವೇ ಹೆರಿಗೆಯನ್ನು ಆರಂಭಿಸುತ್ತದೆ. ಅದೇ ರಸವು ಮರಿಯ ಶ್ವಾಸಕೋಶವನ್ನೂ ಹದಗೊಳಿಸುವುದೆಂಬುದು ಅವನ ಶೋಧದ ಇನ್ನೊಂದು ಫಲ. 1972ರಲ್ಲಿ ಅವನೂ ಅವನ ಜೊತೆಗಾರ ಹೋವಿ ಎಂಬುವನೂ ಪ್ರಕಟಿಸಿದ ಚಿಕಿತ್ಸೆಯಿಂದ ದಿನ ತುಂಬದೆ ಹುಟ್ಟುವ ಲಕ್ಷಾಂತರ ಮಕ್ಕಳು ಬದುಕಿವೆ. ಮನುಷ್ಯರಲ್ಲಿ ಈ ಕ್ರಮವು ಕುರಿಯಲ್ಲಿರುವಷ್ಟು ಸರಳವಲ್ಲ. ನೋವು ಇಂದೇ ಏಕೆ ಬಂತು, ನಿನ್ನೆ ಏಕೆ ಬರಲಿಲ್ಲ ಎಂಬುದನ್ನು ವೈದ್ಯಶಾಸ್ತ್ರವು ಇನ್ನೂ ಪೂರ್ತಿಯಾಗಿ ಬಿಡಿಸಿಲ್ಲ. ಆದರೂ ಮುಹೂರ್ತವನ್ನು ಇಡುವ ಅಧಿಕಾರದಲ್ಲಿ ಒಳಗಿರುವ ಶಿಶುವಿಗೂ ಒಂದು ಪಾಲು ಉಂಟೆಂಬ ವಿಚಾರವು ನನ್ನನ್ನು ಬಹಳವಾಗಿ ಕಾಡಿತು. ಉಸಿರಾಡಲು ತಾನು ಸಿದ್ಧನಾದೆನೆಂದು ಮರಿಯು ಹೇಳುವ ಮೊದಲೇ ಬಾಗಿಲನ್ನು ಒಡೆದು ಒಳನುಗ್ಗುವ ಆತುರ ನನಗೇಕೆ ಬಂದಿತ್ತು?

ಇಷ್ಟಾದರೂ ನನ್ನ ಮನಸ್ಸನ್ನು ತಿರುಗಿಸಿದುದು ವೈದ್ಯಶಾಸ್ತ್ರವೆಂದರೆ ಸುಳ್ಳಾದೀತು. ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಪಡಸಾಲೆಯಲ್ಲಿ ದೀಪ ಉರಿಯುತ್ತಿತ್ತು. ಮಗಳು ಗೋಡೆಗೆ ದಿಂಬನ್ನು ಆನಿಸಿ ಕುಳಿತಿದ್ದಳು. ಕಡೆಯ ವಾರಗಳ ರಾತ್ರಿಗಳು ಎಷ್ಟು ಉದ್ದವೆಂಬುದು ಗಂಡಸರಾದ ನಮಗೆ ತಿಳಿಯದು: ಮಗ್ಗುಲು ಬದಲಿಸುವುದೇ ಒಂದು ದುಡಿಮೆ, ಎದೆಯುರಿ, ಬಾತುಕೊಂಡ ಪಾದಗಳು, ಆಗಾಗ ಬಂದು ಬೆದರಿಸಿ ಹೋಗುವ ಹುಸಿನೋವು. ಇವೆಲ್ಲಕ್ಕಿಂತ ಮೇಲಾಗಿ, ಬಾಯಿಬಿಟ್ಟು ಹೇಳಲಾಗದ ಅಂಜಿಕೆ. ತಾನು ಉಳಿಯುವೆನೋ ಇಲ್ಲವೋ ಎಂದು ಚೊಚ್ಚಲ ಬಸುರಿಯು ಒಂದು ರಾತ್ರಿಯಾದರೂ ಯೋಚಿಸದೆ ಇರುವುದಿಲ್ಲವೆಂದು ನನ್ನ ಹೆಂಡತಿಯು ನಂತರ ಹೇಳಿದಳು. ನಲವತ್ತು ವರ್ಷಗಳ ಸಂಸಾರದಲ್ಲಿ ಆ ಮಾತನ್ನು ಆಕೆಯಿಂದ ನಾನು ಕೇಳಿದುದು ಅದೇ ಮೊದಲು. ಮಗಳ ಎದೆಯ ಮೇಲೆ ಎರಡು ಶಿವದಾರಗಳಿದ್ದವು. ಚಿಕ್ಕ ಕರಡಿಗೆಯನ್ನು ಬೆರಳುಗಳಲ್ಲಿ ಹಿಡಿದುಕೊಂಡು ಆಕೆಯು ಕೇಳಿದಳು: ‘ಅಪ್ಪಾ, ಗುರುಗಳು ಇದನ್ನು ಕಟ್ಟಿದ ದಿನ ಯಾವ ನಕ್ಷತ್ರವಿತ್ತು?’

ನನಗೆ ತಿಳಿದಿರಲಿಲ್ಲ. ಅಳಿಯಂದಿರಿಗೆ ರಜೆಯಿದ್ದ ಭಾನುವಾರವೆಂದು ಆ ದಿನವನ್ನು ಗೊತ್ತುಮಾಡಿದ್ದೆವು, ಪಂಚಾಂಗವನ್ನು ತೆರೆದಿರಲಿಲ್ಲ. ಜೀವವನ್ನು ಶಿವನಿಗೆ ಒಪ್ಪಿಸಲು ಭಾನುವಾರದ ರಜೆ ಸಾಕಾಗಿತ್ತು, ಅದನ್ನು ಲೋಕಕ್ಕೆ ಬರಮಾಡಿಕೊಳ್ಳಲು ನಕ್ಷತ್ರ ಬೇಕಾಗಿತ್ತು! ಮರುದಿನ ಬೆಳಗ್ಗೆ ಚೀಟಿಯನ್ನು ಭಾವಮೈದುನರಿಗೆ ಹಿಂದಿರುಗಿಸಿದೆನು. ಅವರು ಎರಡು ವಾರ ನಮ್ಮ ಮನೆಗೆ ಬರಲಿಲ್ಲ.

ಈ ಮಾತಿನಿಂದ ಯಾರೂ ತಪ್ಪು ತಿಳಿಯಬಾರದು. ಶಸ್ತ್ರಚಿಕಿತ್ಸೆಯು ಅಧರ್ಮವೆಂದು ನಾನು ಹೇಳಲಿಲ್ಲ. ನಮ್ಮ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2001-03ರಲ್ಲಿ 301 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಆ ಸಂಖ್ಯೆಯು 97ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆ, ರಕ್ತದಾನ, ಸಕಾಲದ ಶಸ್ತ್ರಚಿಕಿತ್ಸೆ ಇವುಗಳಿಲ್ಲದೆ ಇದು ಆಗುತ್ತಿರಲಿಲ್ಲ. ಕಾಯುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೂ ಅಲ್ಲ. ರಕ್ತ ಕಂಡರೆ, ನೀರು ಒಡೆದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಕೂಸಿನ ಮಿಸುಕಾಟವು ಕಡಿಮೆಯಾದರೆ, ನಡುರಾತ್ರಿಯಾದರೂ ಹೊರಡಬೇಕು. ಆಗ ‘ಬೆಳಗಾಗಲಿ’ ಎನ್ನುವುದು ಮುಹೂರ್ತಕ್ಕೆ ಕಾಯುವುದರಷ್ಟೇ ದೊಡ್ಡ ತಪ್ಪು. ನಲವತ್ತೊಂದು ವಾರಗಳು ತುಂಬಿದರೆ ಮದ್ದಿನಿಂದ ನೋವನ್ನು ಬರಿಸುವುದು ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಕನ್ನಡದಲ್ಲಿ ದಾರಿ ನೋಡುವುದಕ್ಕೂ ಕಾಯುವುದೆನ್ನುತ್ತೇವೆ, ಕೇಡು ತಟ್ಟದಂತೆ ರಕ್ಷಿಸುವುದಕ್ಕೂ ಕಾಯುವುದೆನ್ನುತ್ತೇವೆ. ಕಡೆಯ ವಾರಗಳಲ್ಲಿ ಈ ಎರಡನ್ನೂ ಒಟ್ಟಿಗೆ ಮಾಡಬೇಕಾಗುತ್ತದೆ.

ಇದನ್ನು ಬಲ್ಲವರು ನಮ್ಮ ಸೂಲಗಿತ್ತಿಯರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು ಒಂದು ಕಾಸನ್ನೂ ಕೇಳದೆ ಹದಿನೈದು ಸಾವಿರಕ್ಕೂ ಮಿಕ್ಕ ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಕ್ಷರ ಕಲಿಯದ ಆ ತಾಯಿ ಬಾಣಂತನದ ಮನೆಗಳಲ್ಲಿ ಎಷ್ಟು ರಾತ್ರಿಗಳನ್ನು ಕುಳಿತೇ ಕಳೆದಿರಬಹುದು! ಕರೆ ಬಂದಾಗ ಹೊರಡುವುದು, ನೋವು ಬಲಿಯುವವರೆಗೆ ಪಕ್ಕದಲ್ಲಿರುವುದು. ಆ ಕಾಯಕದ ಬಹುಪಾಲು ಅದೇ. ಬಸುರಿಯ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳುವುದನ್ನು ನಾನು ಅರವತ್ತು ದಾಟಿದ ಮೇಲೆ ಕಲಿತೆನು. ಆ ಹದಿನೇಳು ದಿನಗಳಲ್ಲಿ ಮಾಡಿದುದು ಹೆಚ್ಚೇನಿಲ್ಲ: ಸಂಜೆ ಆಕೆಯೊಡನೆ ಕೆರೆಯ ಏರಿಯವರೆಗೆ ನಡೆದೆನು, ಹಳೆಯ ಸೀರೆಗಳನ್ನು ಹರಿದು ಒಗೆದು ಒಣಗಿಹಾಕಿದೆವು, ‘ಇನ್ನೂ ಆಗಲಿಲ್ಲವೇ?’ ಎಂದು ದಿನಕ್ಕೆ ಹತ್ತು ಸಲ ಬರುವ ಫೋನಿಗೆ ಆಕೆಯ ಬದಲು ನಾನೇ ಉತ್ತರ ಕೊಟ್ಟೆನು. ಎಲ್ಲರೂ ಕೂಸಿನ ಕ್ಷೇಮವನ್ನು ಕೇಳುತ್ತಿದ್ದರು. ಹೊತ್ತವಳ ಕ್ಷೇಮವನ್ನು ಕೇಳಿದವರು ಇಬ್ಬರೋ ಮೂವರೋ.

ಎಣಿಸಿದ ದಿನ ಬಂದಿತು, ಕಳೆಯಿತು. ಮೂರನೆಯ ದಿನದ ರಾತ್ರಿ ನೋವು ಕಾಣಿಸಿತು. ಮರುದಿನ ಮಧ್ಯಾಹ್ನದವರೆಗೂ ಎಲ್ಲವೂ ಸರಿಯಾಗಿತ್ತು. ಆಮೇಲೆ ಕೂಸಿನ ಹೃದಯದ ಬಡಿತವು ಇಳಿಯತೊಡಗಿತು. ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ಹೇಳಿದೊಡನೆ ಅಳಿಯಂದಿರು ಕಾಗದಕ್ಕೆ ಸಹಿ ಹಾಕಿದರು. ಹದಿನೇಳು ದಿನ ಬೇಡವೆಂದ ಶಸ್ತ್ರವನ್ನು ಆ ಗಳಿಗೆಯಲ್ಲಿ ನಾವೆಲ್ಲರೂ ಕೈಮುಗಿದು ಬೇಡಿದೆವು. ಹೆಣ್ಣುಕೂಸು, ಹುಟ್ಟಿದೊಡನೆ ಅತ್ತಿತು. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಮಂಗಳವಾರ, ಮಧ್ಯಾಹ್ನ 3 ಗಂಟೆ 40 ನಿಮಿಷ ಎಂದಿತ್ತು. ಪಂಚಾಂಗದ ಲೆಕ್ಕದಲ್ಲಿ ಅದು ರಾಹುಕಾಲವೆಂದು ಸಂಜೆ ಬಂದ ಭಾವಮೈದುನರು ಹೇಳಿದರು. ಹೇಳಿದವರೇ ಕೂಸನ್ನು ಎತ್ತಿಕೊಂಡು ಒಂದು ಗಂಟೆ ಕೆಳಗಿಡಲಿಲ್ಲ.

ಮನೆಗೆ ಬಂದ ದಿನವೇ ಜಂಗಮರು ದಯಮಾಡಿಸಿದರು. ಮಗಳ ಕೊರಳಿನಿಂದ ಚಿಕ್ಕ ಕರಡಿಗೆಯನ್ನು ಬಿಡಿಸಿ ಕೂಸಿಗೆ ಮುಟ್ಟಿಸಿ ವಿಭೂತಿಯನ್ನು ಹಚ್ಚಿದರು. ರಾಹುಕಾಲದ ವಿಷಯವನ್ನು ಭಾವಮೈದುನರು ಅಲ್ಲಿಯೂ ಮೆಲ್ಲನೆ ತೆಗೆದರು. ಜಂಗಮರು ಅದನ್ನು ಕೇಳಿಸಿಕೊಂಡರೋ ಇಲ್ಲವೋ ತಿಳಿಯದು. ಮಗಳ ಕಡೆಗೆ ತಿರುಗಿ, ರಾತ್ರಿ ಸ್ವಲ್ಪವಾದರೂ ನಿದ್ರೆ ಬರುತ್ತಿದೆಯೇ ತಾಯಿ, ಹೊಲಿಗೆ ನೋಯುತ್ತಿದೆಯೇ ಎಂದು ವಿಚಾರಿಸುತ್ತ ಕುಳಿತರು.