ಕಣ್ಣಿನ ಕೆಂಪು

ಕಣ್ಣು ಕೆಂಪಾದರೆ ದೋಷವು ಕಣ್ಣಿನದೇ ಎಂದು ಬಗೆಯುವುದು ಲೋಕರೂಢಿ. ಆದರೆ ಕಣ್ಣಿನ ನಡುಪದರದ ಉರಿಯೂತವು ಅನೇಕ ವೇಳೆ ದೇಹದಲ್ಲಿ ಅಡಗಿದ ವ್ಯಾಧಿಯ ಕುರುಹು. ಬೆನ್ನೆಲುಬಿನ ಸಂಧಿವಾತ, ಕ್ಷಯ, ಉಪದಂಶಗಳು ಮೊದಲು ಕಣ್ಣಿನಲ್ಲಿಯೇ ತೋರಿಕೊಳ್ಳುವುದುಂಟು. ಆ ಸಂಧಿವಾತಕ್ಕೂ ಈ ಕಣ್ಣುರಿಗೂ ಎಚ್‌ಎಲ್‌ಎ-ಬಿ27 ಎಂಬ ಒಂದೇ ಆನುವಂಶಿಕ ಗುರುತಿನ ನಂಟಿರುವುದು 1973ರಲ್ಲಿ ತಿಳಿದುಬಂದಿತು. ವೈದ್ಯನು ಕೊಟ್ಟ ಹನಿಮದ್ದನ್ನು ತಡಮಾಡದೆ ಹಾಕಲೇಬೇಕು. ಇಲ್ಲವಾದರೆ ದೃಷ್ಟಿಗೇ ಕುಂದು. ಆದರೆ ಅಷ್ಟಕ್ಕೇ ನಿಂತರೆ ಬೆನ್ನಿನ ರೋಗವು ಒಳಗೊಳಗೇ ಬೆಳೆಯುವುದು. ಕೀಲುವಾತವುಳ್ಳ ಮಕ್ಕಳಲ್ಲಂತೂ ಕಣ್ಣು ಕೆಂಪಾಗದೆಯೂ, ನೋಯದೆಯೂ ಉರಿಯೂತವಿರಬಹುದು.

ಮನೆಯಲ್ಲಿ ಸಿಡಿಯುವ ಕಟುನುಡಿಯೂ ಅಂತೆಯೇ. ಅದನ್ನು ತಡೆಯುವುದು ಅವಶ್ಯ. ಆದರೆ ನಾಲಗೆಯನ್ನು ತಡೆದ ಮಾತ್ರಕ್ಕೆ ಮನದೊಳಗಣ ಹಗೆ ಅಳಿಯದು. ಎಂದೂ ಗದರದವನ ಎದೆಯಲ್ಲಿಯೂ ಅದು ನೆಲಸಿರಬಹುದು. ಆದಕಾರಣ ಕುರುಹು ಕಂಡಾಗ ಮೂಲವನ್ನರಸಬೇಕು; ಕಾಣದಾಗಲೂ ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕು.